ಸೈಕಲ್ ರಾತ್ರಿ ಎಲ್ಲಿ ಮಲಗುತ್ತದೆ? ಬೊಮ್ಮಸಂದ್ರದಿಂದ ಜಿಗಣಿಗೆ ಐದೂವರೆ ಕಿಲೋಮೀಟರ್

ನಮ್ಮ ಕಾರ್ಖಾನೆ ಇರುವುದು ಜಿಗಣಿ ಕೈಗಾರಿಕಾ ಪ್ರದೇಶದ ಒಂದು ಹಿಂದಿನ ಬೀದಿಯಲ್ಲಿ. ಬೊಮ್ಮಸಂದ್ರ–ಜಿಗಣಿ ಲಿಂಕ್ ರಸ್ತೆಯಲ್ಲಿ ಬಸ್ ಇಳಿದರೆ ಅಲ್ಲಿಂದ ಒಳಕ್ಕೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ಆ ಬೀದಿಯಲ್ಲಿ ಫುಟ್‌ಪಾತ್ ಇಲ್ಲ, ಮರ ಇಲ್ಲ. ಗ್ರಾನೈಟ್ ಕಲ್ಲು ಹೊತ್ತ ಲಾರಿಗಳು ಇಡೀ ದಿನ ಓಡಾಡುತ್ತಿರುತ್ತವೆ. ನನ್ನ ಮನೆ ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನಲ್ಲಿ. ಅಂದರೆ ಊರಿನ ಆ ತುದಿಯಿಂದ ಈ ತುದಿಗೆ ದಿನಾ ಎರಡು ಸಲ, ಸಲಕ್ಕೆ 30 ಕಿಲೋಮೀಟರಿಗೂ ಜಾಸ್ತಿ.

ಆರು ವರ್ಷ ಮೋಟಾರ್ ಬೈಕಿನಲ್ಲಿ ಓಡಾಡಿದೆ. ಬೆಳಿಗ್ಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಸಂಜೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ಎರಡು ಗಂಟೆ. ಮಳೆ ಬಂದರೆ ಲೆಕ್ಕವೇ ಇಲ್ಲ. 2025ರ ಬೇಸಿಗೆಯಲ್ಲಿ ಸೊಂಟದ ನೋವು ಜೋರಾಯಿತು. ಬೈಕ್ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದರು. ಅದೇ ವರ್ಷ ಆಗಸ್ಟ್ 11ರಿಂದ ಹಳದಿ ಮಾರ್ಗದ ಮೆಟ್ರೋ ಜನರಿಗೆ ತೆರೆಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, 16 ನಿಲ್ದಾಣ. ಸಿಲ್ಕ್ ಬೋರ್ಡ್ ಜಂಕ್ಷನ್ ನನ್ನ ಕಾಲ ಕೆಳಗೆ ಹಾದುಹೋಗುವುದನ್ನು ಮೊದಲ ಸಲ ಕಿಟಕಿಯಿಂದ ನೋಡಿದ ದಿನ, ಇನ್ನು ಬೈಕ್ ಸಾಕು ಎಂದುಕೊಂಡೆ.

ಆದರೆ ಬೊಮ್ಮಸಂದ್ರದಲ್ಲಿ ಇಳಿದ ಮೇಲೆ ಕಾರ್ಖಾನೆಗೆ ಇನ್ನೂ ಐದೂವರೆ ಕಿಲೋಮೀಟರ್ ಇದೆ. ಆ ಐದೂವರೆ ಕಿಲೋಮೀಟರನ್ನು ಸರಿಮಾಡಲು ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳಲ್ಲಿ ಏನಾಯಿತು ಎನ್ನುವುದೇ ಈ ಬರಹ. ಇದೇ ತೊಂದರೆ ಬಿಡದಿಯಲ್ಲಿ, ದಾಬಸ್‌ಪೇಟೆಯಲ್ಲಿ, ದೊಡ್ಡಬಳ್ಳಾಪುರದ ಕಾರ್ಖಾನೆಗಳಲ್ಲಿ ದುಡಿಯುವವರಿಗೂ ಇದೆ. ಹಾಗಾಗಿ ಸಣ್ಣ ಸಣ್ಣ ವಿಷಯಗಳನ್ನೂ ಬಿಡದೆ ಬರೆಯುತ್ತಿದ್ದೇನೆ.

ಮೊದಲು ನೋಡಿದ ದಾರಿಗಳು

ಶೇರ್ ಆಟೋ ತುಂಬುವವರೆಗೂ ಹೊರಡುವುದಿಲ್ಲ. ಹೊರಟರೂ ಲಿಂಕ್ ರಸ್ತೆಯಲ್ಲಿ ಇಳಿಸಿಬಿಡುತ್ತದೆ. ಬಸ್ಸೂ ಅಷ್ಟೇ, ಆ ಒಂದೂವರೆ ಕಿಲೋಮೀಟರ್ ಉಳಿದೇ ಉಳಿಯುತ್ತದೆ. ಬೈಕ್ ಟ್ಯಾಕ್ಸಿ 2025ರ ಜೂನ್‌ನಲ್ಲಿ ಕೋರ್ಟ್ ಆದೇಶದಿಂದ ನಿಂತಿತ್ತು, ಅದನ್ನು ನಂಬಿಕೊಂಡು ಶಿಫ್ಟಿಗೆ ಹೊರಡುವ ಹಾಗಿರಲಿಲ್ಲ. ನಡೆದರೆ ಒಂದು ಗಂಟೆಗೂ ಜಾಸ್ತಿ. ಉಳಿದಿದ್ದು ಸೈಕಲ್ಲು.

ಮೊದಲು ಯೋಚಿಸಿದ್ದು ಮಡಚುವ ಸೈಕಲ್. ಮನೆಯಿಂದಲೇ ಕೈಯಲ್ಲಿ ಹಿಡಿದು ಮೆಟ್ರೋ ಹತ್ತಿದರೆ ಎರಡೂ ಕಡೆ ಸಲೀಸು, ಅಲ್ವಾ? ನಮ್ಮ ಮೆಟ್ರೋ 2020ರ ನವೆಂಬರ್‌ನಲ್ಲೇ ಮಡಚುವ ಸೈಕಲ್ಲಿಗೆ ಅನುಮತಿ ಕೊಟ್ಟಿದೆ. ಕೊನೆಯ ಬೋಗಿಯಲ್ಲಿ ಹೋಗಬೇಕು, 15 ಕೆ.ಜಿ. ಮೀರಬಾರದು, ಮಡಚಿದಾಗ ಅಳತೆ 60×45×25 ಸೆಂಟಿಮೀಟರ್ ಒಳಗಿರಬೇಕು. ನನ್ನದು ಕಾರ್ಖಾನೆಯ ಕ್ವಾಲಿಟಿ ವಿಭಾಗದ ಕೆಲಸ, ಅಳತೆ ಅಂದರೆ ಮೊದಲು ಟೇಪು ಹಿಡಿಯುತ್ತೇನೆ. ಜಯನಗರದ ಅಂಗಡಿಯಲ್ಲಿ ಒಂದು ಮಡಚುವ ಸೈಕಲ್ ತೆಗೆಸಿ ಅಳೆದೆ. 20 ಇಂಚಿನ ಚಕ್ರದ್ದು. ಆ ಚಕ್ರವೊಂದೇ ಟೈರ್ ಸೇರಿ ಹತ್ತಿರ ಹತ್ತಿರ 50 ಸೆಂಟಿಮೀಟರ್ ಇದೆ. ಸೈಕಲ್ಲನ್ನು ಹೇಗೆ ಮಡಚಿದರೂ ಚಕ್ರವನ್ನು ಮಡಚಲು ಆಗುವುದಿಲ್ಲ. 45ರ ಮಿತಿಯೊಳಗೆ ಅದು ಕೂರುವ ಮಾತೇ ಇಲ್ಲ. ಬಹಳ ಚಿಕ್ಕದಾಗಿ ಮಡಚಿಕೊಳ್ಳುತ್ತದೆ ಎಂದು ಹೆಸರಾದ, 16 ಇಂಚಿನ ಚಕ್ರದ ಬ್ರಾಂಪ್ಟನ್ ಕೂಡ ಮಡಚಿದಾಗ ಎತ್ತರದಲ್ಲಿ 55 ಸೆಂಟಿಮೀಟರ್ ದಾಟುತ್ತದೆ. ನಿಯಮವನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ ದೊಡ್ಡವರು ದಿನಾ ತುಳಿಯುವಂಥ ಸೈಕಲ್ ಯಾವುದೂ ಒಳಗೆ ಹೋಗುವ ಹಾಗೆ ನನಗೆ ಕಾಣಲಿಲ್ಲ. ಗೇಟಿನಲ್ಲಿರುವವರು ಬಿಟ್ಟರೆ ಬಿಟ್ಟರು, ಇಲ್ಲದಿದ್ದರೆ ಇಲ್ಲ. ದಿನದ ಹಾಜರಿಯನ್ನು ಅಂಥ ಅನುಮಾನದ ಮೇಲೆ ನಿಲ್ಲಿಸುವುದು ಬೇಡ ಅನ್ನಿಸಿತು. ಈ ಅಳತೆಯನ್ನು ಒಮ್ಮೆ ಸೈಕಲ್ ಇಟ್ಟುಕೊಂಡು ಪರೀಕ್ಷಿಸಿ ತಿದ್ದಬೇಕು ಎಂದು ನಾನು ನಿಜವಾಗಿ ಬಯಸುತ್ತೇನೆ. ಅದೇ 2020ರಲ್ಲಿ ಕೊಚ್ಚಿ ಮೆಟ್ರೋ ಮಡಚದ ಮಾಮೂಲಿ ಸೈಕಲ್ಲನ್ನೂ ಒಳಗೆ ಬಿಟ್ಟುಕೊಂಡಿತು.

ಹಾಗಾಗಿ ಸೈಕಲ್ಲನ್ನು ಬೊಮ್ಮಸಂದ್ರದಲ್ಲೇ ಇಟ್ಟುಕೊಳ್ಳುವುದು ಎಂದು ತೀರ್ಮಾನಿಸಿದೆ. ಹಗಲು ಕಾರ್ಖಾನೆಯಲ್ಲಿ, ರಾತ್ರಿ ಸ್ಟೇಷನ್ ಹತ್ತಿರ.

ಕಳ್ಳತನ

ಗೇರ್ ಇರುವ ಒಂದು ಸೈಕಲ್ ಕೊಂಡೆ, 14,000 ರೂಪಾಯಿ. ಸ್ಟೇಷನ್ನಿಂದ ಸ್ವಲ್ಪ ದೂರದಲ್ಲಿ ಒಬ್ಬರು ಖಾಲಿ ಸೈಟಿಗೆ ತಂತಿ ಬೇಲಿ ಹಾಕಿ ಗಾಡಿ ನಿಲ್ಲಿಸಲು ಕೊಡುತ್ತಿದ್ದರು. ತಿಂಗಳಿಗೆ ಇಷ್ಟು ಎಂದು ಮಾತಾಯಿತು. ಬೇಲಿಯ ಕಬ್ಬಿಣದ ಕಂಬಕ್ಕೆ ಕೇಬಲ್ ಲಾಕ್ ಹಾಕುತ್ತಿದ್ದೆ. ಮೂರು ವಾರ ಚೆನ್ನಾಗಿ ನಡೆಯಿತು.

ಸೆಪ್ಟೆಂಬರ್‌ನ ಒಂದು ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಕಂಬದ ಪಕ್ಕ ಮುಂದಿನ ಚಕ್ರ ಒಂದೇ ಇತ್ತು. ಲಾಕ್ ಹಾಗೇ ಇತ್ತು, ಬೀಗ ಒಡೆದಿರಲಿಲ್ಲ. ಚಕ್ರದ ಕಡ್ಡಿಗಳ ನಡುವೆ ಕೇಬಲ್ ಹಾಯ್ದು ಕಂಬಕ್ಕೆ ಸುತ್ತಿತ್ತು. ಟೈರಿನ ಮೇಲೆ ಶನಿವಾರದ ಮಳೆಯ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಉಳಿದ ಸೈಕಲ್ ಇರಲಿಲ್ಲ. ನನ್ನ ಸೈಕಲ್ಲಿನ ಮುಂದಿನ ಚಕ್ರ ಕ್ವಿಕ್ ರಿಲೀಸಿನದು. ಒಂದು ಲಿವರ್ ಎತ್ತಿ ತಿರುಗಿಸಿದರೆ ಸಾಕು, ಸ್ಪ್ಯಾನರ್ ಕೂಡ ಬೇಡ. ನಾನು ಲಾಕ್ ಹಾಕಿದ್ದು ಆ ಚಕ್ರಕ್ಕೆ ಮಾತ್ರ. ಆ ಚಕ್ರವನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಹಣಕ್ಕಿಂತ ಜಾಸ್ತಿ, ಮತ್ತೆ ಬೈಕಿಗೇ ಹೋಗಬೇಕಲ್ಲ ಎನ್ನುವ ಯೋಚನೆ ಮನಸ್ಸು ಕುಗ್ಗಿಸಿತು.

ದೂರು ಕೊಡಲು ಹೋದೆ. ಫ್ರೇಮ್ ನಂಬರ್ ಕೇಳಿದರು. ನನ್ನ ಹತ್ತಿರ ಇರಲಿಲ್ಲ, ಬಿಲ್ಲಿನಲ್ಲೂ ಬರೆದಿರಲಿಲ್ಲ. ಎಷ್ಟೋ ಸೈಕಲ್ಲುಗಳಲ್ಲಿ ಆ ನಂಬರು ಪೆಡಲ್ ಜೋಡಿಸುವ ಜಾಗದ ಅಡಿಯಲ್ಲಿ ಕೊರೆದಿರುತ್ತದೆ, ಸೈಕಲ್ ತಲೆಕೆಳಗೆ ಮಾಡಿದರೆ ಕಾಣುತ್ತದೆ. ಇದನ್ನು ಓದುತ್ತಿರುವವರು ಸೈಕಲ್ ಇಟ್ಟಿದ್ದರೆ ಇವತ್ತೇ ಅದರ ಫೋಟೋ ತೆಗೆದಿಡಿ. ಸಿಕ್ಕ ಸೈಕಲ್ ನಮ್ಮದೇ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಗುರುತು ಇಲ್ಲ.

ಪಾರ್ಕಿಂಗ್ ಜಾಗದವರನ್ನು ಕೇಳಿದೆ. ರಾತ್ರಿ ಹತ್ತಕ್ಕೆ ಹುಡುಗ ಮನೆಗೆ ಹೋಗುತ್ತಾನೆ, ಭಾನುವಾರ ಯಾರೂ ಇರುವುದಿಲ್ಲ ಎಂದರು. ಅವರ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದಾಗ ವಿಷಯ ಬೇರೆಯೇ ಕಾಣಿಸಿತು. ಅಂಥ ಜಾಗಗಳು ನಡೆಯುವುದೇ ಹಗಲು ಹೊತ್ತಿಗೆ. ಬೊಮ್ಮಸಂದ್ರದಲ್ಲಿ ಮನೆ ಇರುವವರು ಬೆಳಿಗ್ಗೆ ಗಾಡಿ ಬಿಟ್ಟು ಮೆಟ್ರೋ ಹತ್ತುತ್ತಾರೆ, ಸಂಜೆ ಬಂದು ತೆಗೆದುಕೊಂಡು ಹೋಗುತ್ತಾರೆ. ನನ್ನದು ಅದರ ಉಲ್ಟಾ. ಎಲ್ಲರ ಗಾಡಿ ಹೊರಟ ಮೇಲೆ ನನ್ನ ಸೈಕಲ್ ಒಳಗೆ ಬರುತ್ತದೆ. ಶುಕ್ರವಾರ ಸಂಜೆ ಆರೂವರೆಗೆ ಬಿಟ್ಟರೆ ಸೋಮವಾರ ಬೆಳಿಗ್ಗೆ ಎಂಟರವರೆಗೆ, ಅಂದರೆ 61 ಗಂಟೆಗೂ ಜಾಸ್ತಿ ಅದು ಒಂಟಿಯಾಗಿ ನಿಂತಿರುತ್ತದೆ. ದಿನಕ್ಕೆ ನಾನು ಸೈಕಲ್ ತುಳಿಯುವುದು ಐವತ್ತು ನಿಮಿಷ. ಉಳಿದ ಇಪ್ಪತ್ಮೂರು ಗಂಟೆ ಅದು ನಿಂತೇ ಇರುತ್ತದೆ. ನಾನು ತಲೆಕೆಡಿಸಿಕೊಂಡಿದ್ದೆಲ್ಲ ಆ ಐವತ್ತು ನಿಮಿಷದ ಬಗ್ಗೆ: ಗೇರು, ರಸ್ತೆ, ಲಾರಿ. ಇಪ್ಪತ್ಮೂರು ಗಂಟೆಯ ಬಗ್ಗೆ ಯೋಚಿಸಿರಲಿಲ್ಲ.

ನೆದರ್ಲೆಂಡ್ಸ್‌ನಲ್ಲಿ ಈ ಉಲ್ಟಾ ಲೆಕ್ಕ ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿ ಎಷ್ಟೋ ಜನ ಮನೆ ಕಡೆ ಒಂದು, ಕೆಲಸದ ಕಡೆ ಒಂದು ಹಳೆಯ ಸೈಕಲ್ ಇಟ್ಟಿರುತ್ತಾರೆ. ಎರಡನೆಯದು ರಾತ್ರಿ ಸ್ಟೇಷನ್ನಿನಲ್ಲೇ ಇರುತ್ತದೆ. ಊಟ್ರೆಕ್ಟ್ ರೈಲು ನಿಲ್ದಾಣದ ಅಡಿಯಲ್ಲಿ 12,500 ಸೈಕಲ್ ನಿಲ್ಲಿಸುವ ಜಾಗ 2019ರಲ್ಲಿ ಪೂರ್ತಿಯಾಯಿತು, ಮೊದಲ 24 ಗಂಟೆ ಪುಕ್ಕಟೆ. ನಮಗೆ ಅಷ್ಟು ದೊಡ್ಡದು ಬೇಡ. ರಾತ್ರಿ ಕಾವಲಿರುವ, ಚಾವಣಿ ಇರುವ ಇಪ್ಪತ್ತು ಸೈಕಲ್ಲಿನ ಜಾಗ ಸಾಕು. ಹಗಲು ಅದೇ ಜಾಗವನ್ನು ಊರಿನವರು ಬಳಸಿಕೊಳ್ಳಬಹುದು. ಅವರು ತೆಗೆದಾಗ ನಾವು ಇಡುತ್ತೇವೆ, ನಾವು ತೆಗೆದಾಗ ಅವರು ಇಡುತ್ತಾರೆ. ಒಂದೇ ಜಾಗಕ್ಕೆ ಎರಡು ಬಾಡಿಗೆ.

ನನಗಿಂತ ಎರಡು ವರ್ಷ ಮುಂಚೆ

ಆ ವಾರ ಕ್ಯಾಂಟೀನಿನಲ್ಲಿ ಕಳ್ಳತನದ ಮಾತು ಬಂತು. ಪ್ಯಾಕಿಂಗ್ ವಿಭಾಗದ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

"ಸಾರ್, ಬಯಲಲ್ಲಿ ಯಾಕೆ ಬಿಟ್ರಿ? ನಂದು ರಾತ್ರಿ ಟೀ ಅಂಗಡಿ ಒಳಗೇ ಮಲಗೋದು."

"ಯಾವ ಟೀ ಅಂಗಡಿನಮ್ಮ?"

"ಲಿಂಕ್ ರೋಡ್ ಬಸ್ ಸ್ಟಾಪ್ ಹತ್ರ. ಅಂಗಡಿ ಮುಚ್ಚೋವಾಗ ಅಣ್ಣ ಬೆಂಚಿನ ಜೊತೆ ಒಳಗೆ ಎಳ್ಕೊತಾರೆ."

ಅವಳು ಆನೇಕಲ್ ಕಡೆಯಿಂದ ಬಸ್ಸಿನಲ್ಲಿ ಬರುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ ಆಯಿತಲ್ಲ, ಆವಾಗ ಕಂಪನಿಯ ಹತ್ತಿರದ ಬಾಡಿಗೆ ರೂಮು ಬಿಟ್ಟು ಊರಿನ ಮನೆಗೇ ಹೋದಳಂತೆ. ಆದರೆ ಸ್ಟಾಪಿನಿಂದ ಕಾರ್ಖಾನೆಗೆ ಆ ಒಂದೂವರೆ ಕಿಲೋಮೀಟರ್. ಸಂಜೆ ಕತ್ತಲಾದ ಮೇಲೆ ಆ ಬೀದಿಯಲ್ಲಿ ಒಬ್ಬಳೇ ನಡೆಯಲು ಅಂಜಿಕೆ. ಅದಕ್ಕೇ ಊರಿನಲ್ಲಿ ಸುಮ್ನೆ ಬಿದ್ದಿದ್ದ ಸೈಕಲ್ಲನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದಳು. ಅದು ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್. 2006–07ರಲ್ಲಿ ಶುರುವಾದ ಯೋಜನೆ ಅದು, ಅವಳಿಗೆ ಸಿಕ್ಕಿದ್ದು 2010ರಲ್ಲಿ. ಮುಂದಿನ ಬುಟ್ಟಿ ತುಕ್ಕು ಹಿಡಿದು ಅರ್ಧ ಉದುರಿದೆ. ಉಳಿದ ಅರ್ಧಕ್ಕೆ ಪ್ಯಾಕಿಂಗ್ ಪಟ್ಟಿ ಹೆಣೆದು ಸರಿಮಾಡಿಕೊಂಡಿದ್ದಾಳೆ, ನಮ್ಮ ಬಾಕ್ಸುಗಳಿಗೆ ಸುತ್ತುವ ನೀಲಿ ಪಟ್ಟಿ. ಎಷ್ಟು ಅಚ್ಚುಕಟ್ಟಾಗಿ ಹೆಣೆದಿದ್ದಾಳೆಂದರೆ ಊಟದ ಡಬ್ಬಿ ಅಲ್ಲಾಡುವುದಿಲ್ಲ.

ಬಸ್ಸು, ಸೈಕಲ್ಲು, ರಾತ್ರಿಯ ಜಾಗ, ಮೂರನ್ನೂ ಅವಳು ಎರಡು ವರ್ಷದ ಹಿಂದೆಯೇ ಜೋಡಿಸಿಕೊಂಡಿದ್ದಳು. ನನಗೆ ಬೇಕಾಗಿದ್ದ ಉತ್ತರ ನಮ್ಮ ಕಾರ್ಖಾನೆಯೊಳಗೇ ಇತ್ತು. ಕೆಲಸಕ್ಕೆ ಸೈಕಲ್ ಅಂದರೆ ನಮ್ಮ ಕಣ್ಣಿಗೆ ಹೆಲ್ಮೆಟ್ ಹಾಕಿದ ಸಾಫ್ಟ್‌ವೇರ್ ಉದ್ಯೋಗಿ ಬರುತ್ತಾನೆ. ದಿನಾ ಸೈಕಲ್ ತುಳಿಯುವ ಕಾರ್ಖಾನೆಯ ಜನ ಬರುವುದಿಲ್ಲ. ಇದು ನನ್ನ ಮನಸ್ಸಿಗೆ ಬಹಳ ನಾಟಿತು.

ಹಿಟ್ಟಿನ ಗಿರಣಿ

ಅವಳ ಮಾತು ಹಿಡಿದುಕೊಂಡು ಸ್ಟೇಷನ್ ಹತ್ತಿರದ ಬೀದಿಗಳಲ್ಲಿ ಮೂರು ಸಂಜೆ ಸುತ್ತಿದೆ. ನನಗೆ ಬೇಕಾಗಿದ್ದು ಬೆಳಿಗ್ಗೆ ಎಂಟರೊಳಗೆ ತೆರೆಯುವ, ಸಂಜೆ ಏಳರವರೆಗಾದರೂ ಇರುವ, ರಾತ್ರಿ ಶಟರ್ ಎಳೆಯುವ ಅಂಗಡಿ. ಮೆಡಿಕಲ್ ಶಾಪು ತೆರೆಯುವುದು ತಡ. ಬೇಕರಿಯಲ್ಲಿ ಜಾಗ ಇಲ್ಲ. ಪಂಕ್ಚರ್ ಅಂಗಡಿಯವರು ಒಪ್ಪಿದರು, ಆದರೆ ಅವರ ಸಾಮಾನೆಲ್ಲ ಇರುವುದು ರಸ್ತೆ ಬದಿಯಲ್ಲೇ. ಕೊನೆಗೆ ಸಿಕ್ಕಿದ್ದು ಒಂದು ಹಿಟ್ಟಿನ ಗಿರಣಿ, ಸ್ಟೇಷನ್ನಿಂದ ನಾಲ್ಕು ನಿಮಿಷದ ನಡಿಗೆ. ರಾಗಿ ಬೀಸಿಸಿಕೊಂಡು ಹೋಗಲು ಬೆಳಿಗ್ಗೆ ಏಳಕ್ಕೇ ಜನ ಬರುತ್ತಾರೆ. ನಡೆಸುವವರು ಒಬ್ಬ ಹೆಂಗಸು. ಅರ್ಧ ಕನ್ನಡ, ಅರ್ಧ ತೆಲುಗು ಮಾತು. ಮನೆ ಗಿರಣಿಯ ಮೇಲೇ.

"ಸೈಕಲ್ಲಾ? ಇಡಣ್ಣ. ಮೂಟೆ ಸಾಲಿನ ಹಿಂದೆ ಇಡು, ಗಿರಾಕಿಗಳಿಗೆ ತಗಲಬಾರದು. ತಿಂಗಳಿಗೆ ಮುನ್ನೂರು ಕೊಡು."

ಈ ಸಲ ಸೈಕಲ್ಲೂ ಬೇರೆ. ಸೆಕೆಂಡ್ ಹ್ಯಾಂಡ್, ಗೇರಿಲ್ಲದ್ದು, 3,500 ರೂಪಾಯಿ. ಎರಡೂ ಚಕ್ರಕ್ಕೆ ನಟ್ಟು, ಹಿಂದಿನ ಚಕ್ರಕ್ಕೆ ಹಳೆಯ ಕಾಲದ ರಿಂಗ್ ಲಾಕ್. ಮಡ್‌ಗಾರ್ಡ್ ಇದೆ, ಕ್ಯಾರಿಯರ್ ಇದೆ. ಐದೂವರೆ ಕಿಲೋಮೀಟರ್ ಹೆಚ್ಚು ಏರಿಲ್ಲದ ರಸ್ತೆಗೆ ಗೇರು ಬೇಕಾಗಿಯೇ ಇರಲಿಲ್ಲ. ಸ್ಟೇಷನ್ನಿನಲ್ಲಿ ಬಿಡುವ ಸೈಕಲ್ ನೋಡಿದರೆ ಕದಿಯಬೇಕು ಅನ್ನಿಸಬಾರದು. ಆದರೆ ಬ್ರೇಕು, ಬೆಲ್ಲು, ಲೈಟು ಮಾತ್ರ ಹೊಸದಾಗಿರಬೇಕು. ಅಲ್ಲಿ ನಾನು ದುಡ್ಡು ಉಳಿಸಲಿಲ್ಲ.

ಗಿರಣಿಯ ಒಂದು ತೊಂದರೆ ಹೇಳಲೇಬೇಕು. ಎರಡನೇ ವಾರ ಪೆಡಲ್ ಭಾರ ಅನ್ನಿಸತೊಡಗಿತು, ಚೈನು ಕರಕರ ಅನ್ನುತ್ತಿತ್ತು. ಕೂತು ನೋಡಿದೆ. ಗಿರಣಿಯ ಗಾಳಿಯಲ್ಲಿ ಹಿಟ್ಟಿನ ಧೂಳು ತೇಲುತ್ತಿರುತ್ತದೆ. ನಾನು ಚೈನಿಗೆ ಧಾರಾಳವಾಗಿ ಎಣ್ಣೆ ಬಿಟ್ಟಿದ್ದೆ. ಎಣ್ಣೆಗೆ ರಾಗಿ ಹಿಟ್ಟು ಅಂಟಿ, ಅದರ ಮೇಲೆ ಲಿಂಕ್ ರಸ್ತೆಯ ಕಲ್ಲುಪುಡಿ ಕೂತು, ಕೊಂಡಿ ಕೊಂಡಿಯ ನಡುವೆ ಬೂದು ಬಣ್ಣದ ಗಟ್ಟಿ ಮುದ್ದೆಯಾಗಿತ್ತು. ಉಗುರಿನಿಂದ ಕೆದಕಿದರೆ ಉಂಡೆಯಾಗಿ ಬರುತ್ತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ ಹಿಡಿದು ಒಂದು ಭಾನುವಾರ ಪೂರ್ತಿ ತೊಳೆದೆ. ಈಗ ಕೊಂಡಿಗೊಂದು ಹನಿ ಬಿಟ್ಟು, ಹತ್ತು ನಿಮಿಷ ಆದ ಮೇಲೆ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸುತ್ತೇನೆ. ಎಣ್ಣೆ ಬೇಕಿರುವುದು ಕೊಂಡಿಯ ಒಳಗೆ, ಹೊರಗಿನ ಎಣ್ಣೆ ಧೂಳನ್ನು ಕರೆಯುತ್ತದೆ ಅಷ್ಟೇ. ಸೈಕಲ್ ಮೇಲೆ ಹಳೆಯ ಗೋಣಿಚೀಲ ಹೊದಿಸುತ್ತೇನೆ. ಗಿರಣಿಯ ಅಕ್ಕನೇ ಕೊಟ್ಟ ಚೀಲ ಅದು.

ಇನ್ನೊಂದು ಸಲ ಅವರ ಮನೆಯವರೆಲ್ಲ ಮೂರು ದಿನ ತಿರುಪತಿಗೆ ಹೋದರು. ಸೈಕಲ್ ಒಳಗೆ, ಶಟರಿಗೆ ಬೀಗ. ಮೂರು ದಿನ ಆಟೋ ಮತ್ತು ನಡಿಗೆ. ಬಂದ ಮೇಲೆ ಅವರಿಗೇ ಬೇಜಾರಾಗಿ, ಪಕ್ಕದ ಮನೆಯ ನಾದಿನಿಯ ಹತ್ತಿರ ಒಂದು ಬೀಗದ ಕೈ ಕೊಟ್ಟಿಟ್ಟರು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನನ್ನ ಹೆಸರು, ಫ್ರೇಮ್ ನಂಬರು, ಫೋನ್ ನಂಬರು ಬರೆದು ಇಬ್ಬರೂ ಸಹಿ ಹಾಕಿದೆವು. ನಂಬಿಕೆ ಇಲ್ಲ ಎಂದಲ್ಲ. ನಾಳೆ ಯಾರಾದರೂ ಬಂದು ಇದು ನನ್ನ ಸೈಕಲ್ ಎಂದರೆ ಅವರಿಗೆ ತೊಂದರೆ ಆಗಬಾರದು, ಅದಕ್ಕೆ.

ಕಾರ್ಖಾನೆಯ ಒಳಗೆ

ರಾತ್ರಿಯದು ಸರಿಹೋಯಿತು, ಹಗಲಿನದು ಬಾಕಿ ಇತ್ತು. ನಮ್ಮಲ್ಲಿ ಮೋಟಾರ್ ಬೈಕುಗಳಿಗೆ ಶೀಟಿನ ಚಾವಣಿ ಇದೆ, ಕಾರುಗಳಿಗೆ ಬಿಳಿ ಗೆರೆ ಎಳೆದ ಜಾಗ ಇದೆ. ಸೈಕಲ್ಲುಗಳು ಮಾತ್ರ ಸ್ಕ್ರ್ಯಾಪ್ ರಾಶಿಯ ಪಕ್ಕ ಗೋಡೆಗೆ ಒರಗಿರುತ್ತಿದ್ದವು. ಒಂದು ಬಿದ್ದರೆ ಸಾಲಾಗಿ ಎಲ್ಲವೂ ಬೀಳುತ್ತಿದ್ದವು. ಫೋರ್ಕ್‌ಲಿಫ್ಟ್ ತಾಗಿ ಒಬ್ಬನ ಸೈಕಲ್ಲಿನ ರಿಮ್ಮು ಸೊಟ್ಟಗಾಗಿತ್ತು. ಅವನು ಗುತ್ತಿಗೆ ಕೆಲಸಗಾರ, ಒಡಿಶಾದವನು. ಯಾರಿಗೂ ಹೇಳದೆ ತಾನೇ ರಿಪೇರಿ ಮಾಡಿಸಿಕೊಂಡಿದ್ದ.

ಒಂದು ವಾರ ದಿನಾ ಬೆಳಿಗ್ಗೆ ಎಣಿಸಿದೆ. 140 ಜನರ ಕಾರ್ಖಾನೆಯಲ್ಲಿ 17 ಸೈಕಲ್. ಈ ಲೆಕ್ಕ ಇಟ್ಟುಕೊಂಡು ಅಡ್ಮಿನ್ ಮ್ಯಾನೇಜರ್ ಹತ್ತಿರ ಹೋದೆ. ಸೈಕಲ್ಲಿಗೂ ಸ್ಟ್ಯಾಂಡ್ ಬೇಕಾ ಎಂದು ಅವರಿಗೆ ಆಶ್ಚರ್ಯ. ಆಗ ಹಸಿರು ಕಟ್ಟಡಗಳ ಲೀಡ್ ರೇಟಿಂಗ್ ವಿಷಯ ಹೇಳಿದೆ. ಅದರ 4ನೇ ಆವೃತ್ತಿಯಲ್ಲಿ ಸೈಕಲ್ ಸೌಲಭ್ಯದ ಅಂಕ ಬೇಕಿದ್ದರೆ ಕಾಯಂ ಇರುವ ಜನರ ಶೇ 5ರಷ್ಟು ಮಂದಿಗೆ ಸೈಕಲ್ ಜಾಗ ಇರಬೇಕು, ಮೊದಲ 100 ಜನಕ್ಕೆ ಒಂದು ಸ್ನಾನದ ಕೋಣೆ ಇರಬೇಕು. 140ಕ್ಕೆ ಶೇ 5 ಅಂದರೆ 7. ನಮ್ಮಲ್ಲಿ ಆಗಲೇ 17 ಇವೆ ಸಾರ್ ಎಂದೆ. ಗಿರಾಕಿ ಕಂಪನಿಯವರು ಆಡಿಟ್ಟಿಗೆ ಬಂದಾಗ ಇಂಥದ್ದನ್ನು ಕೇಳುತ್ತಾರೆ. ಆ ಮಾತು ಕೆಲಸ ಮಾಡಿತು. ಜಾಗ ಕೊಟ್ಟರು, ದುಡ್ಡು ಕೊಡಲಿಲ್ಲ. ಪೈಪು ನಮ್ಮ ಸ್ಟೋರಿನಲ್ಲೇ ಉಳಿದಿದ್ದನ್ನು ತೆಗೆದುಕೊಳ್ಳಿ ಎಂದರು.

ಚಕ್ರ ಸಿಕ್ಕಿಸುವ ಗಾಡಿಯ ಸ್ಟ್ಯಾಂಡ್ ಎಲ್ಲರೂ ನೋಡಿರುತ್ತೀರಿ. ಮುಂದಿನ ಚಕ್ರವನ್ನು ಸಂದಿಗೆ ತೂರಿಸುವುದು. ಅದು ಬೇಡ ಎಂದು ಹಟ ಹಿಡಿದೆ. ಅದರಲ್ಲಿ ಸೈಕಲ್ ವಾಲಿದರೆ ಇಡೀ ಭಾರ ರಿಮ್ಮಿನ ಮೇಲೆ ಬಿದ್ದು ಚಕ್ರ ಸೊಟ್ಟಗಾಗುತ್ತದೆ. ಲಾಕ್ ಹಾಕಲು ಸಿಗುವುದೂ ಮುಂದಿನ ಚಕ್ರ ಒಂದೇ. ಅದರಿಂದ ಏನಾಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೆ. ಬೇಕಾಗಿದ್ದು ಶೆಫೀಲ್ಡ್ ಸ್ಟ್ಯಾಂಡ್ ಎನ್ನುವ ಸಾದಾ ವಸ್ತು. ಬೋರಲು ಹಾಕಿದ ಯು ಆಕಾರದ ಪೈಪು, ಅಷ್ಟೇ. ಎರಡೂ ಪಕ್ಕ ಒಂದೊಂದು ಸೈಕಲ್ ಒರಗುತ್ತದೆ, ಫ್ರೇಮು ಮತ್ತು ಚಕ್ರ ಎರಡನ್ನೂ ಸೇರಿಸಿ ಬೀಗ ಹಾಕಬಹುದು.

ಲೆಕ್ಕ ಹೀಗೆ. ಒಂದೂವರೆ ಇಂಚಿನದು ಎಂದು ಮಾರುವ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಪೈಪು ತೆಗೆದುಕೊಂಡೆವು, ಹೊರ ಅಳತೆ 48.3 ಮಿಲಿಮೀಟರ್. ಯು-ಲಾಕ್ ಸಲೀಸಾಗಿ ಸುತ್ತುತ್ತದೆ, ಸಣ್ಣ ಕಟ್ಟರಿಗೆ ಜಗ್ಗುವುದಿಲ್ಲ. ನೆಲದ ಮೇಲೆ 75 ಸೆಂಟಿಮೀಟರ್, ಕಾಂಕ್ರೀಟಿನ ಒಳಗೆ 30, ಎರಡು ಕಾಲಿನ ನಡುವೆ 70. ಒಂದು ಸ್ಟ್ಯಾಂಡಿಗೆ 2.8 ಮೀಟರ್ ಬೇಕು. ಪೈಪು ಬರುವುದು 6 ಮೀಟರ್ ಉದ್ದ, ಒಂದರಲ್ಲಿ ಎರಡು ಸ್ಟ್ಯಾಂಡ್. 5 ಪೈಪಿಗೆ 10 ಸ್ಟ್ಯಾಂಡ್, 20 ಸೈಕಲ್. ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ 1 ಮೀಟರ್ ಬಿಟ್ಟೆವು, ಹ್ಯಾಂಡಲ್‌ಗಳು ಸಿಕ್ಕಿಕೊಳ್ಳಬಾರದಲ್ಲ. ಎಲ್ಲ ಸೇರಿ ಎರಡು ಕಾರಿನ ಜಾಗವೂ ಹಿಡಿಯಲಿಲ್ಲ.

ಮಾಡಿದ್ದು ನಮ್ಮ ವೆಲ್ಡರ್. ಗದಗದ ಕಡೆಯವರು, ಐವತ್ತು ದಾಟಿದೆ. ಪೈಪಿನೊಳಗೆ ಒಣ ಮರಳು ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಬಡಿದು, ಆಮೇಲೆ ಕಾಯಿಸಿ ಬಗ್ಗಿಸಿದರು. ಸುಮ್ನೆ ಬಗ್ಗಿಸಿದರೆ ತಿರುವಿನಲ್ಲಿ ಪೈಪು ಚಪ್ಪಟೆಯಾಗುತ್ತದೆ, ಮರಳಿದ್ದರೆ ದುಂಡಗೆ ಉಳಿಯುತ್ತದೆ. ಮೊದಲ ಸ್ಟ್ಯಾಂಡ್ ಬಗ್ಗಿಸಿ ಮರಳು ಸುರಿದಾಗ ಅದು ಇನ್ನೂ ಬಿಸಿಯಾಗಿತ್ತು. ತಿರುವಿನ ಮೇಲೆ ಹೆಬ್ಬೆರಳಿಟ್ಟು ಸವರಿ, "ನೋಡ್ರಿ ಸರ, ಒಂದ್ ಸುಕ್ಕ ಇಲ್ಲ" ಎಂದರು. ನಾನು ಕ್ಯಾಲಿಪರ್ ಹಿಡಿದು ನೋಡಿದೆ, ನಿಜವಾಗಿಯೂ ದುಂಡಗೇ ಇತ್ತು. ಕಾಲುಗಳ ತುದಿಗೆ ಅಡ್ಡ ಸರಳು ವೆಲ್ಡ್ ಮಾಡಿ ಹೂಳಿದೆವು, ಯಾರೂ ಮೇಲಕ್ಕೆ ಎಳೆಯಲಾಗದ ಹಾಗೆ. ಜಾಗ ಸೆಕ್ಯೂರಿಟಿಯವರ ಕೋಣೆಯ ಎದುರಿಗೇ. ಕ್ಯಾಮೆರಾ ಇದ್ದರೆ ಒಳ್ಳೆಯದೇ. ಆದರೆ ಕ್ಯಾಮೆರಾ ಕದ್ದವನನ್ನು ಆಮೇಲೆ ತೋರಿಸುತ್ತದೆ, ಎದುರಿಗೆ ಕೂತ ಮನುಷ್ಯ ಕದಿಯುವುದಕ್ಕೇ ಬಿಡುವುದಿಲ್ಲ.

ಸ್ನಾನದ ಕೋಣೆಯ ತಲೆನೋವು ನಮಗೆ ಬರಲಿಲ್ಲ. ಕೈಕಾಲು ತೊಳೆಯುವ ಜಾಗ, ಬಟ್ಟೆ ಇಡುವ ಜಾಗ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಾರ್ಖಾನೆಗಳಲ್ಲಿ ಇರಬೇಕಾದದ್ದು. ಹೇಗೂ ಯೂನಿಫಾರಂ ಅಲ್ಲೇ ಹಾಕಿಕೊಳ್ಳುತ್ತೇವೆ.

ಹೊತ್ತು, ದುಡ್ಡು, ರಸ್ತೆ

ಬೆಳಿಗ್ಗೆ 6.20ಕ್ಕೆ ಮನೆ ಬಿಡುತ್ತೇನೆ. ಮಹಾಲಕ್ಷ್ಮಿ ಸ್ಟೇಷನ್ನಿಂದ ಹಸಿರು ಮಾರ್ಗ, ಆರ್.ವಿ. ರಸ್ತೆಯಲ್ಲಿ ಬದಲಿ, 7.45ರ ಹೊತ್ತಿಗೆ ಬೊಮ್ಮಸಂದ್ರ. ಗಿರಣಿ ನಾಲ್ಕು ನಿಮಿಷ, ಸೈಕಲ್ ಇಪ್ಪತ್ತೈದು ನಿಮಿಷ. 8.15ಕ್ಕೆ ಗೇಟಿನೊಳಗೆ. ಬೆಳಿಗ್ಗೆ ಬೈಕಿಗಿಂತ ಅರ್ಧ ಗಂಟೆ ಜಾಸ್ತಿಯೇ. ಸಂಜೆ ಬೈಕಿಗಿಂತ ಸ್ವಲ್ಪ ಬೇಗ. ಶುರುವಿನಲ್ಲಿ ಹಳದಿ ಮಾರ್ಗದಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಪಂಚಿಂಗ್ ತಪ್ಪುತ್ತಿತ್ತು. ನವೆಂಬರ್‌ನಲ್ಲಿ ಐದನೇ ರೈಲು ಬಂದು 15 ನಿಮಿಷಕ್ಕೆ ಇಳಿದ ಮೇಲೆ ಉಸಿರಾಡುವ ಹಾಗಾಯಿತು.

ದುಡ್ಡು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನನ್ನ ವಿಷಯದಲ್ಲಿ ಅದು ನಿಜವಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿ ಗರಿಷ್ಠ 90 ರೂಪಾಯಿ ಆಯಿತು. ನನ್ನ ಟಿಕೆಟ್ ಆ ಗರಿಷ್ಠದ ಹತ್ತಿರಕ್ಕೇ ಬರುತ್ತದೆ. ಹೋಗಿ ಬರುವುದಕ್ಕೆ ಬೈಕಿನ ಪೆಟ್ರೋಲಿಗಿಂತ ಇದೇ ಸ್ವಲ್ಪ ಜಾಸ್ತಿ, ಮೇಲೆ ಗಿರಣಿಯ 300. ಪ್ಯಾಕಿಂಗ್ ಹುಡುಗಿ ಮೆಟ್ರೋ ಕಡೆ ತಿರುಗಿಯೂ ನೋಡುವುದಿಲ್ಲ, ಅವಳ ಸಂಬಳಕ್ಕೆ ಅದು ಸರಿಹೊಂದುವುದಿಲ್ಲ. ನನಗೆ ಉಳಿದಿದ್ದು ಸೊಂಟ. ಡಿಸೆಂಬರ್ ಹೊತ್ತಿಗೆ ಮಾತ್ರೆ ನಿಂತಿತು. ರೈಲಿನಲ್ಲಿ ಕೂತು ಬರುವ ಒಂದು ಗಂಟೆಯಲ್ಲಿ ಮಗಳ ಗಣಿತದ ಪುಸ್ತಕ ಓದಿಕೊಂಡು ಹೋಗುತ್ತೇನೆ, ರಾತ್ರಿ ಅವಳಿಗೆ ಹೇಳಿಕೊಡಲು.

ರಸ್ತೆಯ ಬಗ್ಗೆ ಎರಡೇ ಮಾತು. ಕಲ್ಲಿನ ಲಾರಿಯ ಎಡಗಡೆ ಯಾವತ್ತೂ ನುಗ್ಗಬೇಡಿ. ಅದು ಎಡಕ್ಕೆ ತಿರುಗುವಾಗ ಪಕ್ಕದಲ್ಲಿರುವ ಸೈಕಲ್ ಡ್ರೈವರಿಗೆ ಕಾಣುವುದಿಲ್ಲ. ನಿಂತು ಅದನ್ನು ಹೋಗಲು ಬಿಡಿ. ಇನ್ನೊಂದು, ನಾನು ಲಿಂಕ್ ರಸ್ತೆ ಬಿಟ್ಟು ಆದಷ್ಟೂ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ಹೋಗುತ್ತೇನೆ. ನಾಲ್ಕು ನಿಮಿಷ ಜಾಸ್ತಿ ಆದರೂ ಸರಿ.

ಈಗ ಎಲ್ಲಿಗೆ ಬಂದಿದೆ

ಗಿರಣಿಯಲ್ಲಿ ಈಗ ನಾಲ್ಕು ಸೈಕಲ್. ನನ್ನದಲ್ಲದೆ ನಮ್ಮ ಸ್ಟೋರ್ಸಿನವರದು ಒಂದು, ಪಕ್ಕದ ಕಂಪನಿಯ ಇಬ್ಬರದು. ಅಕ್ಕನಿಗೆ ತಿಂಗಳಿಗೆ 1,200 ರೂಪಾಯಿ. ಮೂಟೆ ಇಡುವ ಹಲಗೆಯನ್ನು ಒಂದು ಅಡಿ ಆಚೆಗೆ ಸರಿಸಿ ಜಾಗ ಮಾಡಿದ್ದಾರೆ. ಕಾರ್ಖಾನೆಯ 10 ಸ್ಟ್ಯಾಂಡಿನಲ್ಲಿ ಕಳೆದ ವಾರ ಎಣಿಸಿದಾಗ 19 ಸೈಕಲ್ ಇದ್ದವು. ರಿಮ್ಮು ಸೊಟ್ಟಗಾಗಿದ್ದ ಹುಡುಗ ದಿನಾ ಒಂದೇ ಸ್ಟ್ಯಾಂಡಿಗೆ, ಸೆಕ್ಯೂರಿಟಿ ಕೋಣೆಗೆ ಎಲ್ಲಕ್ಕಿಂತ ಹತ್ತಿರದ್ದಕ್ಕೆ, ಸೈಕಲ್ ಒರಗಿಸುತ್ತಾನೆ.

ಬಾಕಿ ಇರುವುದು ಎರಡನೇ ಶಿಫ್ಟು. ಅದು ಮುಗಿಯುವುದು ರಾತ್ರಿ ತಡವಾಗಿ. ಗಿರಣಿ ಒಂಬತ್ತಕ್ಕೆ ಮುಚ್ಚುತ್ತದೆ, ಟೀ ಅಂಗಡಿ ಅದಕ್ಕೂ ಮುಂಚೆ. ಸ್ಟ್ಯಾಂಡ್ ಬಗ್ಗಿಸಿಕೊಟ್ಟ ವೆಲ್ಡರ್ ಇರುವುದು ಆ ಶಿಫ್ಟಿನಲ್ಲೇ. ಅವರ ಮನೆ ಬೊಮ್ಮನಹಳ್ಳಿಯಲ್ಲಿ, ಹಳದಿ ಮಾರ್ಗದ ಪಕ್ಕದಲ್ಲೇ. ಆದರೂ ಮೆಟ್ರೋ ಬಿಟ್ಟು, ಯಾರಾದರೂ ಹೋಗುವವರ ಬೈಕಿನ ಹಿಂದೆ ಕೂತು ಮನೆಗೆ ಹೋಗುತ್ತಾರೆ. ಪೆಟ್ರೋಲ್ ಬಂಕ್ ಒಂದು ರಾತ್ರಿಯಿಡೀ ತೆರೆದಿರುತ್ತದೆ, ಅಲ್ಲಿ ಗಾಳಿ ತುಂಬುವ ಯಂತ್ರದ ಹಿಂದೆ ಗೋಡೆ ಪಕ್ಕ ಎರಡು ಮೀಟರ್ ಜಾಗ ಇದೆ. ಟೇಪು ಹಿಡಿದು ಅಳೆದುಕೊಂಡು ಬಂದಿದ್ದೇನೆ. ಈ ಶನಿವಾರ ಬಂಕಿನ ಮಾಲೀಕರನ್ನು ಕಾಣಲು ನಾನು ಮತ್ತು ವೆಲ್ಡರ್ ಇಬ್ಬರೂ ಹೋಗುತ್ತಿದ್ದೇವೆ. ಒಂದು ಸ್ಟ್ಯಾಂಡ್ ಬಗ್ಗಿಸಿ ರೆಡಿ ಮಾಡಿಟ್ಟಿದ್ದಾರೆ.